ಜಗಳವಾಡುವಷ್ಟು ಕೇಳಿದವರು

ಯಕ್ಷಗಾನದ ಆಟ ಮುಗಿದ ಬೆಳಗ್ಗೆ ಕೋಟ, ಸಾಲಿಗ್ರಾಮ, ಬ್ರಹ್ಮಾವರದ ಹೋಟೆಲುಗಳಲ್ಲಿ ಚಾ ಬರುವ ಮೊದಲೇ ವಿಮರ್ಶೆ ಬಂದಿರುತ್ತದೆ. ಭಾಗವತರು ಕರುಣರಸದ ಪದ್ಯವನ್ನು ಎಳೆದದ್ದು ಹೆಚ್ಚಾಯಿತು ಎಂದು ಒಬ್ಬರು ಹೇಳಿದರೆ, ಏರುಪದ್ಯಕ್ಕೆ ಚಂಡೆಯವನು ಅವಸರ ಮಾಡಿದ ಎಂದು ಇನ್ನೊಬ್ಬರು. ಹಿರಿಯ ಭಾಗವತ ಉಪ್ಪೂರರ ಕಾಲದಲ್ಲಿ ಹೀಗಿರಲಿಲ್ಲ ಎಂಬ ಮಾತು ಯಾವುದೋ ಮೇಜಿನಿಂದ ಬಂದೇ ಬರುತ್ತದೆ. “ನಾವಡ್ರ ಪದ್ಯ ಕೇಂಡೋರಿಗೆ ಇದೆಲ್ಲ ಎಂತ ಮಾರಾಯ್ರೆ” ಎಂದು ಮತ್ತೊಂದು ಮೇಜಿನವರು ಎದ್ದು ಹೋಗುತ್ತಾರೆ. ರಾತ್ರಿಯಿಡೀ ನಿದ್ದೆಗೆಟ್ಟವರಲ್ಲಿ ಇಷ್ಟು ಶಕ್ತಿ ಎಲ್ಲಿಂದ ಬರುತ್ತದೆ ಎಂದು ಹೊರಗಿನವರಿಗೆ ಆಶ್ಚರ್ಯವಾಗಬಹುದು. ಈ ಸೀಮೆಯವರಿಗೆ ಆಗುವುದಿಲ್ಲ.

ಇಷ್ಟೇ ತೀವ್ರವಾಗಿ, ಇಷ್ಟೇ ಸೂಕ್ಷ್ಮಗಳ ಮೇಲೆ ಜಗಳವಾಡುವ ಇನ್ನೊಂದು ಬಳಗವಿದೆ. ಅದು ಹೆವಿ ಮೆಟಲ್ ಸಂಗೀತದ ಅಭಿಮಾನಿಗಳದು. ಕಪ್ಪು ಟೀ ಶರ್ಟು, ಓದಲಾಗದಂತೆ ಬೇರುಬಿಟ್ಟ ಅಕ್ಷರಗಳ ಲಾಂಛನ, ಉದ್ದ ಕೂದಲು. ಮಣಿಪಾಲ, ಸುರತ್ಕಲ್‌ಗಳ ಎಂಜಿನಿಯರಿಂಗ್ ಕಾಲೇಜುಗಳ ಉತ್ಸವಗಳಲ್ಲಿ ರಾಕ್ ಬ್ಯಾಂಡುಗಳ ಸ್ಪರ್ಧೆ ನೋಡಿದವರಿಗೆ, ಬೆಂಗಳೂರಿನಲ್ಲಿ ಓದುವ ಅಥವಾ ದುಡಿಯುವ ಮಕ್ಕಳಿರುವ ಮನೆಯವರಿಗೆ ಈ ಬಳಗ ಅಪರಿಚಿತವಲ್ಲ. ಆದರೆ ಅವರು ಏನನ್ನು ಕೇಳುತ್ತಾರೆ, ಯಾತಕ್ಕಾಗಿ ವಾದಿಸುತ್ತಾರೆ ಎಂಬುದು ಹಿರಿಯರಿಗೆ ಒಗಟಾಗಿಯೇ ಉಳಿದಿದೆ. ನನ್ನ ಎಣಿಕೆಯಲ್ಲಿ ಆ ಒಗಟನ್ನು ಬಿಡಿಸಲು ಕರ್ನಾಟಕದಲ್ಲಿ ಅತ್ಯಂತ ಯೋಗ್ಯರಾದವರು ಆಟದ ಹುಚ್ಚು ಹತ್ತಿಸಿಕೊಂಡ ನಮ್ಮ ಸೀಮೆಯ ಪ್ರೇಕ್ಷಕರೇ. ಹೊರಗಿನವರಿಗೆ ಬರೀ ಗದ್ದಲವಾಗಿ ಕೇಳುವ ಒಂದು ಕಲೆಯೊಳಗೆ ಎಷ್ಟು ಬಗೆಯ ನಿಯಮ, ನಯ ಮತ್ತು ನಿಷ್ಠೆ ಅಡಗಿರುತ್ತದೆ ಎಂಬುದು ಅವರಿಗೆ ಗೊತ್ತು. ಅಂಥ ಕಲೆಯನ್ನು ಕಾಯುವವರು ರಂಗದ ಮೇಲಿನವರಷ್ಟೇ ಅಲ್ಲ, ಎದುರು ಕೂತು ತಕರಾರು ತೆಗೆಯುವವರೂ ಹೌದು ಎಂಬುದೂ ಗೊತ್ತು.

ಮೊದಲು ಆ ಗದ್ದಲದ ಮೂಲಕ್ಕೆ ಹೋಗೋಣ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಕಾರ್ಖಾನೆಗಳ ಊರು. ಅಲ್ಲಿ ಟೋನಿ ಅಯೋಮಿ ಎಂಬ ಹದಿನೇಳರ ಹುಡುಗ ತಗಡಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಸಂಗೀತಕ್ಕೇ ಇಳಿಯುತ್ತೇನೆಂದು ಕೆಲಸ ಬಿಡುವ ಕೊನೆಯ ದಿನವೇ ಯಂತ್ರ ಅವನ ಬಲಗೈಯ ಎರಡು ಬೆರಳುಗಳ ತುದಿಯನ್ನು ಕತ್ತರಿಸಿಹಾಕಿತು. ಅವನು ಎಡಗೈಯಿಂದ ತಂತಿ ಮೀಟುವವನು, ಹಾಗಾಗಿ ತಂತಿ ಒತ್ತಿ ಸ್ವರ ಹಿಡಿಯಬೇಕಾದ ಕೈಯೇ ಹೋಯಿತು. ಅವನು ಬಿಡಲಿಲ್ಲ. ಪಾತ್ರೆ ತೊಳೆಯುವ ದ್ರವದ ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ, ಮೇಲೆ ಚರ್ಮ ಅಂಟಿಸಿದ, ಗಿಟಾರಿಗೆ ತೆಳು ತಂತಿ ಹಾಕಿದ. 1971ರ ಹೊತ್ತಿಗೆ ತಂತಿಗಳ ಬಿಗಿಯನ್ನೇ ಇಳಿಸಿ ಶ್ರುತಿ ತಗ್ಗಿಸಿದ. ತಗ್ಗಿದ ಶ್ರುತಿಯಲ್ಲಿ ಗಿಟಾರಿನ ದನಿಗೆ ಹಿಂದೆಂದೂ ಇಲ್ಲದ ಭಾರ ಬಂತು. ಅವನ ಬ್ಯಾಂಡು ಬ್ಲ್ಯಾಕ್ ಸಬತ್. ಅದರ ಮೊದಲ ಆಲ್ಬಂ 1970ರ ಫೆಬ್ರುವರಿ 13ರಂದು ಹೊರಬಂತು. ಹೆವಿ ಮೆಟಲ್ ಯಾವಾಗ ಹುಟ್ಟಿತು ಎಂಬುದರ ಬಗ್ಗೆಯೂ ಅಭಿಮಾನಿಗಳಲ್ಲಿ ವಾದವಿದೆ. ಹೆಚ್ಚಿನವರು ಬಂದು ನಿಲ್ಲುವುದು ಈ ದಿನಾಂಕದ ಹತ್ತಿರವೇ.

ಆ ಸಂಗೀತದ ಒಳಗುಟ್ಟನ್ನು ನಮ್ಮ ಸ್ವರಗಳ ಮೂಲಕ ಹೇಳಿದರೆ ಸುಲಭ. ಎಲೆಕ್ಟ್ರಿಕ್ ಗಿಟಾರಿನ ದನಿಯನ್ನು ಆಂಪ್ಲಿಫೈಯರ್‌ನ ಮಿತಿ ಮೀರಿ ಹೆಚ್ಚಿಸಿದಾಗ ಧ್ವನಿಯಲೆಯ ತುದಿಗಳು ಕತ್ತರಿಸಿ ಹೋಗುತ್ತವೆ. ಮೂಲ ಸ್ವರದ ಜೊತೆ ಅನೇಕ ಉಪಸ್ವರಗಳು ಎದ್ದು ಒರಟು, ದಟ್ಟ ನಾದ ಹುಟ್ಟುತ್ತದೆ. ಇದೇ ಡಿಸ್ಟಾರ್ಷನ್. ಈ ನಾದದಲ್ಲಿ ಹಲವು ಸ್ವರಗಳನ್ನು ಒಟ್ಟಿಗೆ ನುಡಿಸಿದರೆ ಒಂದರ ಉಪಸ್ವರ ಇನ್ನೊಂದರ ಜೊತೆ ಗುದ್ದಾಡಿ ಎಲ್ಲ ಕಲಸಿಹೋಗುತ್ತದೆ. ಷಡ್ಜ ಮತ್ತು ಪಂಚಮ ಮಾತ್ರ ಜೊತೆಗೂಡಿ ಸ್ವಚ್ಛವಾಗಿ ನಿಲ್ಲುತ್ತವೆ. ಹಾಗಾಗಿ ಮೆಟಲ್ ಗಿಟಾರಿಗರು ಗಾಂಧಾರವನ್ನು ಬಿಟ್ಟು ಬರೀ ಸ-ಪ ಹಿಡಿದು ನುಡಿಸುತ್ತಾರೆ. ಅದನ್ನೇ ಪವರ್ ಕಾರ್ಡ್ ಎನ್ನುತ್ತಾರೆ. ಭಾಗವತರ ಹಿಂದೆ ಮೊದಲೆಲ್ಲ ಪುಂಗಿಯಲ್ಲಿ, ಈಗ ಹಾರ್ಮೋನಿಯಂನಲ್ಲಿ ರಾತ್ರಿಯಿಡೀ ಹಿಡಿಯುವ ಶ್ರುತಿಯ ನಂಟೇ ಇದು. ಆ ಸ-ಪ ಜೋಡಿಯನ್ನು ಮೇಲೆ ಕೆಳಗೆ ಓಡಿಸಿ ಕಟ್ಟಿದ, ಮತ್ತೆ ಮತ್ತೆ ಮರಳಿ ಬರುವ ಚಿಕ್ಕ ಸ್ವರಗುಚ್ಛ ರಿಫ್. ಮೆಟಲ್ ಹಾಡಿನ ಪ್ರಾಣ ಅದರಲ್ಲಿದೆ. ಸಾಹಿತ್ಯ ಮರೆತರೂ ಅಭಿಮಾನಿ ರಿಫ್ ಮರೆಯುವುದಿಲ್ಲ.

ಬ್ಲ್ಯಾಕ್ ಸಬತ್ ತನ್ನ ಹೆಸರಿನದೇ ಹಾಡಿನಲ್ಲಿ ಮಾಡಿದ್ದು ಇನ್ನೂ ಸರಳ. ಷಡ್ಜ, ಮೇಲಿನ ಷಡ್ಜ, ಆಮೇಲೆ ಪಂಚಮಕ್ಕೆ ಹೋಗುವ ಬದಲು ಅದರ ಕೆಳಗಿನ ಪ್ರತಿಮಧ್ಯಮ. ನಿಧಾನವಾಗಿ ಈ ಮೂರೇ ಸ್ವರ. ಪಂಚಮಕ್ಕಾಗಿ ಕಾದ ಕಿವಿಗೆ ಅದು ಸಿಗದೆ ಎದೆಯಲ್ಲಿ ಒಂದು ತಳಮಳ ಉಳಿಯುತ್ತದೆ. ಪಾಶ್ಚಾತ್ಯ ಸಂಗೀತದಲ್ಲಿ ಈ ಅಂತರಕ್ಕೆ ಅಶುಭದ ಛಾಯೆ ಅಂಟಿಕೊಂಡಿದೆ. ಕಲ್ಯಾಣಿಯಲ್ಲಿ ಇದೇ ಪ್ರತಿಮಧ್ಯಮದ ಚೆಲುವನ್ನು ಉಂಡ ನಮ್ಮ ಕಿವಿ ಅದನ್ನು ಬೇರೆ ರೀತಿ ಕೇಳಬಲ್ಲುದು. ಹೀಗಾಗಿ ಮೆಟಲ್ ನಮಗೆ ಪೂರ್ತಿ ಪರಕೀಯ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಮೆಟಾಲಿಕಾ ಮೊದಲಾದ ಬ್ಯಾಂಡುಗಳು ಪದೇ ಪದೇ ಬಳಸುವ, ಶುದ್ಧ ರಿಷಭದಿಂದ ಷಡ್ಜಕ್ಕೆ ಜಾರುವ ಫ್ರಿಜಿಯನ್ ಎಂಬ ಸ್ವರಶ್ರೇಣಿ ನಮ್ಮ ಹನುಮತೋಡಿಯ ಮೇಳವೇ. ಗಮಕವಿಲ್ಲ, ಅಷ್ಟೆ.

ಒಂದು ಬೇರಿನಿಂದ ಎಷ್ಟು ಕವಲು ಒಡೆಯಿತು ಎಂಬಲ್ಲಿಂದ ಅಭಿಮಾನಿಗಳ ನಿಜವಾದ ಜಗಳ ಶುರುವಾಗುತ್ತದೆ. 1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಐರನ್ ಮೇಡನ್ ಮುಂತಾದ ಬ್ಯಾಂಡುಗಳ ಹೊಸ ಅಲೆ ಎದ್ದಿತು. ಅದರ ವೇಗವನ್ನು ಇನ್ನೂ ಏರಿಸಿ ಕ್ಯಾಲಿಫೋರ್ನಿಯಾದ ಹುಡುಗರು ಥ್ರ್ಯಾಶ್ ಕಟ್ಟಿದರು. ಮೆಟಾಲಿಕಾದ ಮೊದಲ ಆಲ್ಬಂ 1983ರದ್ದು. ಫ್ಲೋರಿಡಾದಲ್ಲಿ ಡೆತ್ ಮೆಟಲ್ ಬಂತು, ನಾರ್ವೆಯಲ್ಲಿ ಬ್ಲ್ಯಾಕ್ ಮೆಟಲ್ ಬಲಿಯಿತು. ವೇಗವನ್ನು ಪೂರ್ತಿ ಬಿಟ್ಟು ಸಬತ್‌ನ ಭಾರವನ್ನೇ ಹಿಡಿದವರು ಡೂಮ್ ಎನಿಸಿಕೊಂಡರು. ಗೊತ್ತಿಲ್ಲದವರಿಗೆ ಎಲ್ಲವೂ ಒಂದೇ ಅಬ್ಬರ. ಗೊತ್ತಿರುವವನು ಹತ್ತು ಸೆಕೆಂಡು ಕೇಳಿ, ಡ್ರಮ್ ಹೇಗೆ ಬಾರಿಸುತ್ತಿದ್ದಾರೆ ಎಂಬುದರಿಂದಲೇ ಕವಲನ್ನೂ ದಶಕವನ್ನೂ ಹೇಳುತ್ತಾನೆ.

ಇದರಲ್ಲಿ ನಮ್ಮವರಿಗೆ ವಿಚಿತ್ರವೆನಿಸುವಂಥದ್ದೇನೂ ಇಲ್ಲ. ಯಕ್ಷಗಾನದಲ್ಲಿ ತೆಂಕು-ಬಡಗು ಎಂಬ ದೊಡ್ಡ ಭೇದ ಎಲ್ಲರಿಗೂ ಗೊತ್ತು. ಬಡಗಿನೊಳಗೇ ಬ್ರಹ್ಮಾವರದ ಆಸುಪಾಸಿನ ಎರಡು ಊರುಗಳು ಎರಡು ತಿಟ್ಟುಗಳಿಗೆ ಹೆಸರು ಕೊಟ್ಟಿವೆ: ಹಾರಾಡಿ ಮತ್ತು ಮಟಪಾಡಿ. ಹಾರಾಡಿ ರಾಮ ಗಾಣಿಗರ ನಿಲುವು, ಮಟಪಾಡಿ ವೀರಭದ್ರ ನಾಯಕರ ಹೆಜ್ಜೆ ಎಂದು ಬೇರ್ಪಡಿಸಿ ಮಾತಾಡುವ ಹಿರಿಯರು ಇನ್ನೂ ಇದ್ದಾರೆ. ಅದರಾಚೆ ಉತ್ತರ ಕನ್ನಡದ ಬಡಾಬಡಗು ಬೇರೆಯೇ. ಅಲ್ಲಿ ಕೆರೆಮನೆ ಶಂಭು ಹೆಗಡೆಯವರ ಸಂಯಮ ದೊಡ್ಡದೋ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಆವೇಶ ದೊಡ್ಡದೋ ಎಂಬ ವಾದಕ್ಕೆ ಇಬ್ಬರೂ ತೀರಿಹೋದ ಮೇಲೂ ಮುಕ್ತಾಯ ಬಿದ್ದಿಲ್ಲ. ಬೀಳಬೇಕಾಗಿಯೂ ಇಲ್ಲ. ಆ ವಾದದಿಂದಲೇ ಎಷ್ಟೋ ಮಂದಿ ಎರಡನ್ನೂ ಹೆಚ್ಚು ಗಮನವಿಟ್ಟು ನೋಡುವುದು ಕಲಿತರು.

ಗಾಯಕರ ವಿಷಯದಲ್ಲಂತೂ ಎರಡೂ ಬಳಗಗಳ ಸ್ವಭಾವ ಒಂದೇ. ಬ್ಲ್ಯಾಕ್ ಸಬತ್‌ನಿಂದ ಆಜಿ ಆಸ್ಬರ್ನ್ ಹೊರಬಿದ್ದು ರಾನಿ ಜೇಮ್ಸ್ ಡಿಯೋ ಬಂದದ್ದು 1979ರಲ್ಲಿ. ಅಂದಿನಿಂದ ಇಂದಿನವರೆಗೆ ಅಭಿಮಾನಿಗಳು ಎರಡು ಪಕ್ಷ. ಆಜಿಯದು ಕಲಿತ ಕಂಠವಲ್ಲ. ಭಯಪಟ್ಟ ಮನುಷ್ಯ ಕತ್ತಲಲ್ಲಿ ಕೂಗಿದಂತೆ ಅದು ನೇರ. ಡಿಯೋ ದೊಡ್ಡ ಗಾಯಕ, ಮೂರು ಸ್ಥಾಯಿಗಳಲ್ಲೂ ಹಿಡಿತವಿದ್ದವ. ನಾನು ಆಜಿಯ ಪಕ್ಷ. ಸಬತ್‌ನ ಸಂಗೀತ ಹೇಳಹೊರಟದ್ದು ಕಾರ್ಖಾನೆಯ ಊರಿನ ಸಾಮಾನ್ಯನ ದಿಗಿಲನ್ನು, ಅದಕ್ಕೆ ಸಾಮಾನ್ಯನ ದನಿಯೇ ಸರಿ ಎಂಬುದು ನನ್ನ ವಾದ. 2025ರ ಜುಲೈ 5ರಂದು ಆಜಿ ತನ್ನೂರಿನ ವಿಲ್ಲಾ ಪಾರ್ಕ್ ಮೈದಾನದಲ್ಲಿ, ಕಾಯಿಲೆಯಿಂದ ನಿಲ್ಲಲಾಗದೆ ಆಸನದಲ್ಲಿ ಕೂತೇ ಕೊನೆಯ ಬಾರಿ ಹಾಡಿದ. ಅದೇ ತಿಂಗಳ 22ರಂದು ತೀರಿಕೊಂಡ. ಆ ದಿನ ಡಿಯೋ ಪಕ್ಷದವರೂ ಅತ್ತರು.

ಇನ್ನು ಸಾವಿನಿಂದ ಹುಟ್ಟಿದ ವಾದ. ಮೆಟಾಲಿಕಾದ ಬಾಸ್ ಗಿಟಾರ್ ವಾದಕ ಕ್ಲಿಫ್ ಬರ್ಟನ್ 1986ರ ಸೆಪ್ಟೆಂಬರ್ 27ರಂದು ಸ್ವೀಡನ್‌ನಲ್ಲಿ ಬ್ಯಾಂಡಿನ ಬಸ್ಸು ಮಗುಚಿ ಸತ್ತಾಗ ಇಪ್ಪತ್ತನಾಲ್ಕರ ಹುಡುಗ. ಅವನ ಜಾಗಕ್ಕೆ ಬಂದವನ ಬಾಸ್ ಮುಂದಿನ 1988ರ ಆಲ್ಬಂನಲ್ಲಿ ಕೇಳಿಸುವುದೇ ಇಲ್ಲವೆಂಬಷ್ಟು ತಗ್ಗಿಹೋಯಿತು. ಆ ದನಿಯನ್ನು ಯಾರು, ಏಕೆ ತಗ್ಗಿಸಿದರು ಎಂಬ ಚರ್ಚೆ ಇವತ್ತಿಗೂ ನಿಂತಿಲ್ಲ. 1991ರಲ್ಲಿ ಬ್ಯಾಂಡು ವೇಗ ಇಳಿಸಿ, ಹಾಡುಗಳನ್ನು ಚಿಕ್ಕದು ಮಾಡಿ ಹೊರತಂದ ಕಪ್ಪು ಹೊದಿಕೆಯ ಆಲ್ಬಂ ಕೋಟಿಗೂ ಮಿಕ್ಕಿ ಮಾರಾಟವಾಯಿತು. ಹಳೆಯ ಅಭಿಮಾನಿಗಳ ಪೈಕಿ ಬಹಳಷ್ಟು ಮಂದಿ ಅದನ್ನು ದ್ರೋಹವೆಂದೇ ಬಗೆದರು. “ಕ್ಲಿಫ್ ಇದ್ದಿದ್ದರೆ” ಎಂದು ಅವರು ಇಂದೂ ನಿಟ್ಟುಸಿರು ಬಿಡುತ್ತಾರೆ.

ಈ “ಇದ್ದಿದ್ದರೆ” ಎಂಬ ಮಾತಿನ ನೋವು ಗುಂಡ್ಮಿಯ ಸುತ್ತಿನವರಿಗೆ ಬೇಗ ಅರ್ಥವಾಗುತ್ತದೆ. ಆ ಊರಿನ ಭಾಗವತ ಕಾಳಿಂಗ ನಾವಡರು 1990ರ ಮೇ 27ರಂದು ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಮೂವತ್ತೆರಡು ತುಂಬಿರಲಿಲ್ಲ. ತಂದೆ ರಾಮಚಂದ್ರ ನಾವಡರು ಭಾಗವತರು, ಗುರು ಮಾರ್ವಿ ನಾರಣಪ್ಪ ಉಪ್ಪೂರರು. ಹದಿಹರೆಯದಲ್ಲೇ ಕೋಟ ಅಮೃತೇಶ್ವರಿ ಮೇಳ ಸೇರಿ, ಸಾಲಿಗ್ರಾಮ ಮೇಳದ ಡೇರೆಯಲ್ಲಿ ಜನಸಾಗರ ಸೇರಿಸುವ ಮಟ್ಟಕ್ಕೆ ಬೆಳೆದರು. ಭಾಗವತನ ಹೆಸರು ಕೇಳಿ ಟಿಕೇಟು ಕೊಳ್ಳುವ ಪ್ರೇಕ್ಷಕವರ್ಗವನ್ನು ಬಡಗಿನಲ್ಲಿ ಅವರಷ್ಟು ಬೆಳೆಸಿದವರು ವಿರಳ. ಆ ಕಂಠ ಕ್ಯಾಸೆಟ್‌ಗಳಲ್ಲಿ ಆಟವೇ ನಡೆಯದ ಊರುಗಳಿಗೂ ಹೋಯಿತು. ಹೊಸ ರಾಗಗಳನ್ನು ತಂದ, ‘ನಾಗಶ್ರೀ’ಯಂಥ ಕಲ್ಪಿತ ಕಥೆಯ ಪ್ರಸಂಗವನ್ನು ತಾವೇ ಬರೆದ ನಾವಡರು ಸಂಪ್ರದಾಯದ ಪಕ್ಷದಿಂದ ಆಕ್ಷೇಪ ಕೇಳಿದವರೇ. ಇವತ್ತು ಹೊಸ ಭಾಗವತರನ್ನು ಅಳೆಯಲು ಅದೇ ಪಕ್ಷ ನಾವಡರನ್ನೇ ಕೋಲಾಗಿ ಹಿಡಿಯುತ್ತದೆ. ಬ್ಲ್ಯಾಕ್ ಸಬತ್‌ನ ಮೊದಲ ಆಲ್ಬಂ ಬಂದಾಗಲೂ ಹೆಸರಾಂತ ವಿಮರ್ಶಕರು ಅದನ್ನು ತಳ್ಳಿಹಾಕಿದ್ದರು. ಈಗ ಎಲ್ಲರೂ ಪ್ರಮಾಣ ಮಾಡುವುದು ಅದರ ಮೇಲೆ. ಸುಬ್ರಹ್ಮಣ್ಯ ಧಾರೇಶ್ವರರು ಪೆರ್ಡೂರು ಮೇಳದಲ್ಲಿದ್ದ ದೀರ್ಘಕಾಲ ಇಂಥದೇ ಮೆಚ್ಚುಗೆ ಮತ್ತು ತಕರಾರು ಎರಡನ್ನೂ ಹೊತ್ತು ಹಾಡಿದರು. 2024ರ ಏಪ್ರಿಲ್‌ನಲ್ಲಿ ಅವರು ಹೋದ ಮೇಲೆ ತಕರಾರಿನವರ ದನಿಯಲ್ಲೂ ಗೌರವ ತುಂಬಿಕೊಂಡಿತು.

ಕ್ಯಾಸೆಟ್ಟಿನ ಮಾತು ಬಂತು. ಮೆಟಲ್ ಬೆಳೆದದ್ದೇ ಅದರಿಂದ. ರೇಡಿಯೋ ಹಾಕುತ್ತಿರಲಿಲ್ಲ, ದೊಡ್ಡ ಕಂಪನಿಗಳು ಮುಟ್ಟುತ್ತಿರಲಿಲ್ಲ. ಅಭಿಮಾನಿಗಳೇ ಕ್ಯಾಸೆಟ್ ನಕಲು ಮಾಡಿ ಅಂಚೆಯಲ್ಲಿ ದೇಶದಿಂದ ದೇಶಕ್ಕೆ ಕಳಿಸಿಕೊಂಡರು. 1982ರಲ್ಲಿ ಮೆಟಾಲಿಕಾದ ಹೆಸರು ಹಬ್ಬಿದ್ದು ಹಾಗೆ ಕೈಯಿಂದ ಕೈಗೆ ಹೋದ ಒಂದು ಡೆಮೊ ಕ್ಯಾಸೆಟ್‌ನಿಂದ. ಹೀಗೆ ಕಷ್ಟಪಟ್ಟು ಪಡೆದದ್ದನ್ನು ಯಾರೂ ಅರೆಗಿವಿಯಲ್ಲಿ ಕೇಳುವುದಿಲ್ಲ. ಕ್ಯಾಸೆಟ್ ಕಳಿಸಿದವನಿಗೆ ತನ್ನ ಅಭಿಪ್ರಾಯ ಬರೆದು ತಿಳಿಸಬೇಕು, ಅವನು ಒಪ್ಪದಿದ್ದರೆ ಸಮರ್ಥಿಸಬೇಕು. ಮೆಟಲ್ ಅಭಿಮಾನಿಯ ವಾದದ ಚಟಕ್ಕೆ ಈ ಅಭಾವದ ಕಾಲವೇ ತಾಯಿ ಎಂದು ನನಗನಿಸುತ್ತದೆ. ಈಗ ಫೋನಿನಲ್ಲಿ ಎಲ್ಲವೂ ಸಿಗುವಾಗಲೂ ಆ ಚಟ ಉಳಿದಿರುವುದು ಸಂತೋಷ.

ಕರ್ನಾಟಕದಲ್ಲಿ ಈ ಸಂಗೀತದ ಮನೆ ಬೆಂಗಳೂರು. 1980ರ ದಶಕದ ಕೊನೆಯಲ್ಲಿ ಮಿಲೇನಿಯಮ್, 1990ರ ದಶಕದ ಆರಂಭದಲ್ಲಿ ಡೆತ್ ಮತ್ತು ಡೂಮ್ ಬೆರೆಸಿದ ಡೈಯಿಂಗ್ ಎಂಬ್ರೇಸ್, 1998ರಲ್ಲಿ ಕ್ರಿಪ್ಟೋಸ್ ಎಂಬ ಬ್ಯಾಂಡುಗಳು ಹುಟ್ಟಿದವು. ಆಗಿನ ಕಾಲೇಜು ಸ್ಪರ್ಧೆಗಳಲ್ಲಿ ಗೆಲ್ಲಬೇಕಾದರೆ ಹೊರದೇಶದ ಹೆಸರಾಂತ ಹಾಡನ್ನು ಚಾಚೂ ತಪ್ಪದೆ ನುಡಿಸಬೇಕಿತ್ತು. ಸ್ವಂತ ಹಾಡು ಕಟ್ಟಿದರೆ ಕೇಳುವವರು ಕಡಿಮೆ. ನಕಲು ಚೆನ್ನಾಗಿ ಮಾಡುವುದು ದೊಡ್ಡದೋ, ಕುಂಟಿದರೂ ಸ್ವಂತದ್ದು ದೊಡ್ಡದೋ ಎಂಬುದು ಬೆಂಗಳೂರು ಮೆಟಲ್ ಬಳಗದ ಬಹುಕಾಲದ ತಕರಾರು. ಅದನ್ನು ಗೆದ್ದವರು ಸ್ವಂತದ ಪಕ್ಷದವರು. ಕ್ರಿಪ್ಟೋಸ್ 2004ರಿಂದ ಈಚೆಗೆ ಒಂದರ ಮೇಲೊಂದು ಸ್ವಂತ ಆಲ್ಬಂ ತಂದಿತು. 2013ರಲ್ಲಿ ಜರ್ಮನಿಯ ವಾಕೆನ್ ಎಂಬ ಹಳ್ಳಿಯಲ್ಲಿ ನಡೆಯುವ, ಮೆಟಲ್ ಲೋಕದ ಅತಿ ದೊಡ್ಡ ಜಾತ್ರೆಗಳಲ್ಲೊಂದರಲ್ಲಿ ನುಡಿಸಿತು. ಮೊದಲಿನ ಒರಟು ಥ್ರ್ಯಾಶ್ ಛಾಯೆಯನ್ನು ಬಿಟ್ಟು ಎರಡು ಗಿಟಾರು ಜೋಡಿಯಾಗಿ ಹಾಡುವ 1980ರ ದಶಕದ ಶುದ್ಧ ಹೆವಿ ಮೆಟಲ್‌ಗೆ ಅವರು ಹೊರಳಿದ್ದನ್ನು ನಾನು ಮೆಚ್ಚುತ್ತೇನೆ. ಒಪ್ಪದ ಗೆಳೆಯರಿದ್ದಾರೆ. ಸಬತ್‌ನ ಭಾರವನ್ನು ಬೆಂಗಳೂರಿನ ಮಟ್ಟಿಗೆ ಹೊತ್ತು ನಡೆದ ಬೇವರ್ ಸೀ ಬ್ಯಾಂಡಿಗೂ ನಿಷ್ಠಾವಂತರ ಗುಂಪಿದೆ.

2007ರ ಮಾರ್ಚ್ 17ರಂದು ಐರನ್ ಮೇಡನ್ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದ್ದು ಭಾರತದ ಮೆಟಲ್ ಅಭಿಮಾನಿಗಳಿಗೆ ಒಂದು ಗಡಿಗಲ್ಲು. ದೇಶದ ಮೂಲೆಮೂಲೆಯಿಂದ ರೈಲು, ಬಸ್ಸು ಹತ್ತಿ ಬಂದ ಸಾವಿರಾರು ಮಂದಿ ತಮ್ಮಂಥವರು ಇಷ್ಟೊಂದು ಇದ್ದಾರೆಂದು ಮೊದಲ ಸಲ ಕಣ್ಣಾರೆ ಕಂಡರು. ಮೆಟಾಲಿಕಾ ಬಂದದ್ದು 2011ರ ಅಕ್ಟೋಬರ್ 30ರಂದು. ಅದಕ್ಕೆ ಎರಡು ದಿನ ಮುಂಚೆ ಗುರುಗ್ರಾಮದ ಕಾರ್ಯಕ್ರಮ ರದ್ದಾಗಿ ಅಲ್ಲಿ ದಾಂಧಲೆ ನಡೆದಿತ್ತು. ಬೆಂಗಳೂರಿನಲ್ಲಿ ಮಳೆ ಸುರಿದರೂ ಮೈದಾನ ಕದಲಲಿಲ್ಲ. ಅಂದು ಮೆಟಾಲಿಕಾಕ್ಕೆ ಮೊದಲು ರಂಗ ಏರಿದವರಲ್ಲಿ ಬೆಂಗಳೂರಿನವರೇ ಆದ ಇನ್ನರ್ ಸ್ಯಾಂಕ್ಟಮ್ ಕೂಡ ಇತ್ತು. ಮರುವರ್ಷ ಬೆಂಗಳೂರು ಓಪನ್ ಏರ್ ಎಂಬ ಮೆಟಲ್ ಉತ್ಸವ ಶುರುವಾಗಿ ಜರ್ಮನಿಯ ಕ್ರಿಯೇಟರ್ ಬಂದು ನುಡಿಸಿತು.

ಹಿರಿಯರ ಒಂದು ಆತಂಕಕ್ಕೆ ಇಲ್ಲಿ ಉತ್ತರ ಹೇಳಬೇಕು. ಈ ಹಾಡುಗಳಲ್ಲಿ ಸೈತಾನ, ಸಾವು, ಯುದ್ಧ ಏಕೆ? ಕಂಠವೇಕೆ ಹಾಗೆ ಗುರುಗುಡುತ್ತದೆ? ಡೆತ್ ಮೆಟಲ್ ಗಾಯಕ ಧ್ವನಿತಂತುಗಳ ಮೇಲಿರುವ ಮಡಿಕೆಗಳನ್ನೂ ಕಂಪಿಸುವಂತೆ ಮಾಡಿ ಆ ನಾದ ತೆಗೆಯುತ್ತಾನೆ. ಅಭ್ಯಾಸವಿಲ್ಲದೆ ಮಾಡಿದರೆ ಗಂಟಲು ಕೆಡುತ್ತದೆ. ಆಟದಲ್ಲಿ ಮಹಿಷಾಸುರನ ಪ್ರವೇಶಕ್ಕೆ ದೀವಟಿಗೆ ಏಳುವಾಗ ನಮ್ಮ ಮಕ್ಕಳು ಅಮ್ಮನ ಸೆರಗು ಹಿಡಿಯುತ್ತಾರೆ, ದೊಡ್ಡವರು ಎದ್ದು ನಿಂತು ನೋಡುತ್ತಾರೆ. ಆ ಆರ್ಭಟೆಯನ್ನು ಮೆಚ್ಚಿದವರನ್ನು ಯಾರೂ ರಾಕ್ಷಸಭಕ್ತರು ಎನ್ನಲಿಲ್ಲ. ಭಯಕ್ಕೂ ರೌದ್ರಕ್ಕೂ ರಂಗದಲ್ಲಿ ಜಾಗವಿರಬೇಕು ಎಂಬುದನ್ನು ಒಪ್ಪಿದ ನಾಡು ಇದು.

ಆದರೆ “ನಿಜವಾದ ಮೆಟಲ್” ಯಾವುದು ಎಂಬ ವಾದ ವಿಷವಾದದ್ದೂ ಉಂಟು, ಅದನ್ನು ಮುಚ್ಚಿಡುವುದು ಸರಿಯಲ್ಲ. 1990ರ ದಶಕದ ಆರಂಭದಲ್ಲಿ ನಾರ್ವೆಯ ಬ್ಲ್ಯಾಕ್ ಮೆಟಲ್ ಗುಂಪಿನ ಕೆಲವರು ತಾವೇ ಶುದ್ಧರು ಎಂಬ ಮದದಲ್ಲಿ ಶತಮಾನಗಳ ಹಿಂದಿನ ಮರದ ಚರ್ಚುಗಳಿಗೆ ಬೆಂಕಿ ಇಟ್ಟರು. 1993ರಲ್ಲಿ ಆ ಗುಂಪಿನವನೇ ಇನ್ನೊಬ್ಬನನ್ನು ಇರಿದು ಕೊಂದ. ಅಷ್ಟು ದೂರ ಹೋಗದಿದ್ದರೂ ದಿನನಿತ್ಯ ನಡೆಯುವ ಇನ್ನೊಂದು ಅನ್ಯಾಯವಿದೆ. ಬ್ಯಾಂಡಿನ ಟೀ ಶರ್ಟು ತೊಟ್ಟ ಹುಡುಗಿ ಕಂಡರೆ ಅವಳನ್ನು ನಿಲ್ಲಿಸಿ, ಮೂರು ಆಲ್ಬಂ ಹೆಸರು ಹೇಳು ಎಂದು ಪರೀಕ್ಷೆ ಮಾಡುವುದು. ಹುಡುಗರಿಗೆ ಈ ಪರೀಕ್ಷೆ ಇಲ್ಲ. ಆರ್ಚ್ ಎನಿಮಿ ಬ್ಯಾಂಡಿಗೆ 2000ದಲ್ಲಿ ಸೇರಿದ ಆಂಜೆಲಾ ಗೊಸೋವ್ ಗಂಡಸರಿಗೂ ಕಷ್ಟವಾದ ಗುಡುಗುಕಂಠದಲ್ಲಿ ಹಾಡಿ ಆ ಬಾಯಿಗಳನ್ನು ಮುಚ್ಚಿಸಬೇಕಾಯಿತು. ತೆಂಕಿನಲ್ಲಿ ಲೀಲಾವತಿ ಬೈಪಾಡಿತ್ತಾಯರು ವೃತ್ತಿಮೇಳದಲ್ಲಿ ಜಾಗಟೆ ಹಿಡಿದು ಕೂತಾಗಲೂ ಭಾಗವತಿಕೆಗೆ ಹೆಣ್ಣುದನಿ ಒಗ್ಗದು ಎಂಬ ಮಾತಿಗೆ ಅವರು ಹಾಡಿಯೇ ಉತ್ತರ ಕೊಡಬೇಕಾಯಿತು. ಕಲೆಯನ್ನು ಕಾಯುವ ತಕರಾರು ಪದ್ಯದ ಬಗ್ಗೆ ಇರುತ್ತದೆ. ಕೇಳುವವರ ಹಕ್ಕಿನ ಬಗ್ಗೆ ತಕರಾರು ಎತ್ತುವವನು ಕಲೆಯನ್ನು ಕಿರಿದು ಮಾಡುತ್ತಾನೆ.

ಈಗ ನಡೆಯುತ್ತಿರುವ ವಾದ ಬೆರಕೆಯ ಬಗ್ಗೆ. 1996ರಲ್ಲಿ ಬ್ರೆಜಿಲ್‌ನ ಸೆಪುಲ್ಟುರಾ ಅಲ್ಲಿನ ಶವಾಂಟೆ ಬುಡಕಟ್ಟಿನವರ ಜೊತೆ ಕೂತು, ನಾಡಿನ ತಾಳವಾದ್ಯಗಳನ್ನು ಸೇರಿಸಿ ‘ರೂಟ್ಸ್’ ಎಂಬ ಆಲ್ಬಂ ಮಾಡಿದಾಗ ಅಭಿಮಾನಿಗಳು ಇಬ್ಭಾಗವಾದರು. ದೆಹಲಿಯ ಬ್ಲಡಿವುಡ್ ಢೋಲ್ ಬಾರಿಸಿಕೊಂಡು 2019ರಲ್ಲಿ ವಾಕೆನ್‌ಗೆ ಹೋಯಿತು. ಅದು ಮೆಟಲ್ ಹೌದೋ ಅಲ್ಲವೋ ಎಂದು ಭಾರತದ ಅಭಿಮಾನಿಗಳೇ ಕಿತ್ತಾಡಿದರು. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಇದೇ ಬಿಸಿಯನ್ನು ಬಲ್ಲವರು. ‘ಯಕ್ಷಗಾನ ಬಯಲಾಟ’ ಗ್ರಂಥಕ್ಕೆ 1959ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಅವರೇ ತಮ್ಮ ಯಕ್ಷಗಾನ ಬ್ಯಾಲೆಯಲ್ಲಿ ಮಾತನ್ನು ಕೈಬಿಟ್ಟು ಪಿಟೀಲು, ಸ್ಯಾಕ್ಸೊಫೋನ್ ತಂದರು. ಪರಂಪರೆಯನ್ನು ಅಷ್ಟು ಆಳವಾಗಿ ಅಗೆದು ನೋಡಿದವರಿಗೆ ಆ ಸ್ವಾತಂತ್ರ್ಯ ಇತ್ತು ಎಂದು ನಾನು ನಂಬುತ್ತೇನೆ. ನಂಬದವರೊಡನೆ ಇಂದಿಗೂ ಕೂತು ವಾದಿಸಬಲ್ಲೆ.

ಚಂಡೆ ಒಂದು ದಿನ ಮೆಟಲ್‌ಗೆ ಬಂದೇ ಬರುತ್ತದೆ. ಅದು ಹಾಡಿನ ನಡುವೆ ಅರ್ಧ ನಿಮಿಷ ಗುಡುಗಿ ಹೋಗುವ ಅಲಂಕಾರವಾಗಬಾರದು ಎಂಬುದಷ್ಟೇ ನನ್ನ ಒತ್ತಾಯ. ಏಳು, ಹದಿಮೂರು ಮಾತ್ರೆಗಳ ಲೆಕ್ಕದಲ್ಲಿ ರಿಫ್ ಕಟ್ಟುವುದು ಮೆಟಲ್‌ನಲ್ಲಿ ಹೊಸತಲ್ಲ. ಡ್ರೀಮ್ ಥಿಯೇಟರ್, ಮೆಶುಗಾ ಬ್ಯಾಂಡುಗಳನ್ನು ಕೇಳಿ ಬೆಳೆದ ಹುಡುಗರಿಗೆ ಅದೇ ಹಬ್ಬ. ನಮ್ಮಲ್ಲಿ ಏಳರ ತ್ರಿವುಡೆ ಇದೆ, ಹತ್ತರ ಝಂಪೆ ಇದೆ, ಹದಿನಾಲ್ಕರ ಅಷ್ಟತಾಳ ಇದೆ. ಮೊದಲು ತಾಳವನ್ನು ಹಿಡಿದು, ಭಾಗವತರು ವಿಳಂಬದಿಂದ ದ್ರುತಕ್ಕೆ ಏರಿಸುವ ಕ್ರಮವನ್ನು ಹಿಡಿದು, ಗಿಟಾರು ಮದ್ದಳೆಯ ನಡೆಯನ್ನು ಅನುಸರಿಸಿ, ಡ್ರಮ್ಮಿನ ಜೋಡಿ ಪೆಡಲು ಚಂಡೆಯ ಉರುಳಿಕೆಗೆ ಜಾಗ ಬಿಟ್ಟು ನುಡಿಯಬೇಕು. ಚಂಡೆಯ ಶ್ರುತಿ ಎತ್ತರ, ತಗ್ಗಿಸಿದ ಗಿಟಾರು ಪಾತಾಳ. ನಡುವೆ ಗಾಯಕನಿಗೆ ಬೇಕಾದಷ್ಟು ಬಯಲಿದೆ. ಹಾಗೆ ಕಟ್ಟಬಲ್ಲವರು ಒಂದು ತಿರುಗಾಟವಾದರೂ ಮೇಳದ ಹಿಮ್ಮೇಳದ ಹಿಂದೆ ಕೂತು ಕೇಳಿರಬೇಕು. ಅಂಥ ಹಾಡು ಬಂದ ದಿನ ಅದು ಮೆಟಲ್ ಹೌದೋ ಎಂದು ಬೆಂಗಳೂರಿನವರೂ, ಅದರಲ್ಲಿ ಪೆಟ್ಟು ಸರಿಬಿತ್ತೋ ಎಂದು ಮಟಪಾಡಿಯವರೂ ತೀರ್ಪು ಹೇಳಲಿ.